ಪಾಳಿ ಬದಲಾದಾಗ ಬಾಣಂತಿ ಯಾರ ಕೈಯಲ್ಲಿ?

ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ನಿಂತವರನ್ನು "ಸರಕಾರಿ ಆಸ್ಪತ್ರಿ ಹೆಂಗ ಐತ್ರಿ?" ಎಂದು ಕೇಳಿದರೆ ಮೊದಲು ಬರುವುದು ಡಾಕ್ಟರ ಹೆಸರು. ಆ ಡಾಕ್ಟರ್ ಇದ್ದರೆ ಚಲೋ, ರಜೆ ಮೇಲೆ ಹೋದರೆ ಕೆಟ್ಟದ್ದು. ಆಮೇಲೆ ಕಟ್ಟಡದ ಮಾತು, ಸ್ಕ್ಯಾನಿಂಗ್ ಮಷೀನಿನ ಮಾತು. ನರ್ಸುಗಳ ಮಾತು ಬರುವುದು ಕಡೆಗೆ, ಅದೂ ಒಂದೇ ವಾಕ್ಯದಲ್ಲಿ: "ಸಿಸ್ಟರ್ ಬಾಳ ಸಿಟ್ಟಿನಾಕಿ ಬಿಡ್ರಿ." ಕುಷ್ಟಗಿಯಲ್ಲಿ ಕೇಳಿದರೂ ಯಲಬುರ್ಗಾದಲ್ಲಿ ಕೇಳಿದರೂ ಉತ್ತರ ಹೆಚ್ಚುಕಡಿಮೆ ಇದೇ.

ಸಿಟ್ಟಿನ ಮಾತು ಒತ್ತಟ್ಟಿಗಿರಲಿ. ಡಾಕ್ಟರು ರೌಂಡ್ಸಿಗೆ ಬಂದು ಒಂದು ಹಾಸಿಗೆಯ ಹತ್ತಿರ ನಿಲ್ಲುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ರೋಗಿ ಇರುವುದು ನರ್ಸುಗಳ ಕೈಯಲ್ಲಿ. ಅದೂ ಒಬ್ಬರ ಕೈಯಲ್ಲಲ್ಲ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು, ರಾತ್ರಿ ಇನ್ನೊಂದು. ಸಿಸೇರಿಯನ್ ಆದ ಬಾಣಂತಿ ಐದು ದಿನ ಮಲಗಿದಳೆಂದರೆ ಹದಿನೈದು ಪಾಳಿ ಆಯಿತು. ಹದಿನೈದು ಪಾಳಿ ಎಂದರೆ ಆ ಬಾಣಂತಿಯ ಬಿಪಿ, ರಕ್ತಸ್ರಾವ, ಜ್ವರ, ಕೊಟ್ಟ ಇಂಜೆಕ್ಷನ್, ಕೊಡಬೇಕಾದ ಇಂಜೆಕ್ಷನ್ ಇದೆಲ್ಲ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಬೇಕು. ದಾಟುವಾಗ ನಡುವೆ ಏನಾದರೂ ಬಿದ್ದುಹೋದರೆ ಅದು ಬಾಣಂತಿಯ ಪಾಲಿಗೆ ಬೀಳುತ್ತದೆ.

ಕಿರ್ದಿ ಇಲ್ಲದ ಅಂಗಡಿ

ಅಂಗಡಿ ನಡೆಸುವವರಿಗೆ ಇದು ತಿಳಿಯದ ವಿಷಯವಲ್ಲ. ಅಣ್ಣ ಊಟಕ್ಕೆ ಹೋಗುವಾಗ ತಮ್ಮನನ್ನು ಗಲ್ಲಾದ ಮೇಲೆ ಕೂಡಿಸಿ ಹೋಗುತ್ತಾನೆ. ಹೋಗುವ ಮುಂಚೆ, "ಕುಕನೂರವರು ಎರಡು ಚೀಲ ಒಯ್ದಾರ, ರೊಕ್ಕ ಕೊಟ್ಟಿಲ್ಲ, ಸಿಮೆಂಟಿನ ಲಾರಿ ನಾಕಕ್ಕ ಬರತೈತಿ" ಎಂದು ಹೇಳುತ್ತಾನೆ. ಹೇಳಿದ್ದು ಸಾಲದೆಂದು ಕಿರ್ದಿಯಲ್ಲಿ ಬರೆದಿರುತ್ತಾನೆ. ಬಸ್ ಡಿಪೋದಲ್ಲಿ ಕಂಡಕ್ಟರು ಟಿಕೆಟ್ ಮಷೀನು, ರೊಕ್ಕ, ವೇಬಿಲ್ ಒಪ್ಪಿಸದೆ ಮನೆಗೆ ಹೋಗುವಂತಿಲ್ಲ. ನೂರು ರೂಪಾಯಿ ಕಡಿಮೆ ಬಿದ್ದರೆ ನಿಲ್ಲಿಸಿ ಕೇಳುತ್ತಾರೆ.

ಆಸ್ಪತ್ರೆಯಲ್ಲಿ ಒಪ್ಪಿಸುವ ಪದ್ಧತಿ ಇಲ್ಲವೆಂದಲ್ಲ, ಪುಸ್ತಕವೂ ಉಂಟು. ಆದರೆ ಆ ಹೊತ್ತಿನಲ್ಲಿ ಆಡುವ ಮಾತು ಹೀಗಿರುತ್ತದೆ: "ಮೂರನೇ ಬೆಡ್ಡಿನಾಕಿಗೆ ಬಿಪಿ ಸ್ವಲ್ಪ ಜಾಸ್ತಿ ಐತ್ರಿ ಅಕ್ಕಾ, ನೋಡಕೋರಿ." ಸ್ವಲ್ಪ ಎಂದರೆ ಎಷ್ಟು? ಯಾವಾಗ ನೋಡಿದ್ದು? ಡಾಕ್ಟರಿಗೆ ಹೇಳಿಯಾಗಿದೆಯೋ ಇಲ್ಲವೋ? ಕೇಳಬೇಕೆನ್ನುವಷ್ಟರಲ್ಲಿ ಹೋಗುವವರ ಚಪ್ಪಲಿ ಬಾಗಿಲಲ್ಲಿರುತ್ತದೆ.

ಇಲ್ಲಿ ಬಸ್ಸಿನವರು ಗಮನಿಸಬೇಕಾದ ಮಾತೊಂದಿದೆ. ಯಲಬುರ್ಗಾದಲ್ಲಿ, ಕುಷ್ಟಗಿಯಲ್ಲಿ ಕೆಲಸ ಮಾಡುವ ನರ್ಸುಗಳಲ್ಲಿ ಎಷ್ಟೋ ಮಂದಿಯ ಮನೆ ಬೇರೆ ಊರಿನಲ್ಲಿ. ಮಕ್ಕಳ ಸಾಲಿ, ಗಂಡನ ನೌಕರಿ ಎಂದು ದಿನಾ ಓಡಾಡುತ್ತಾರೆ. ಬರುವವರ ಬಸ್ಸು ತಡ, ಹೋಗುವವರ ಬಸ್ಸು ಹೊರಟು ನಿಂತಿದೆ. ಪಾಳಿ ಒಪ್ಪಿಸುವ ಹದಿನೈದು ನಿಮಿಷವನ್ನು ನುಂಗುವುದು ನರ್ಸಿನ ಸೋಮಾರಿತನಕ್ಕಿಂತ ಹೆಚ್ಚಾಗಿ ಈ ಬಸ್ಸಿನ ವೇಳೆಯೇ. ಆಸ್ಪತ್ರೆಯ ಹತ್ತಿರ ವಸತಿಗೃಹ ಕಟ್ಟುವ ಮಾತು ಬಂದಾಗ ಅದು ಡಾಕ್ಟರ ಕ್ವಾರ್ಟರ್ಸಿನಿಂದ ಶುರುವಾಗಿ ಅಲ್ಲಿಗೇ ಮುಗಿಯುವುದೇ ಹೆಚ್ಚು.

ಒಂದು ಸಾವು, ನಾಲ್ಕು ಕಥೆ

ಈ ಜಿಲ್ಲೆಯ ಬಾಣಂತಿಯರ ಸಾವನ್ನು ಕೂತು ಅಭ್ಯಾಸ ಮಾಡಿದವರಿದ್ದಾರೆ ಎಂಬುದು ಇಲ್ಲಿನವರಿಗೇ ಹೆಚ್ಚು ಗೊತ್ತಿಲ್ಲ. ಬೆಂಗಳೂರಿನ ಐಐಎಂ ಸಂಸ್ಥೆಯಿಂದ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ 2005ರಲ್ಲಿ ಒಂದು ವರದಿ ಪ್ರಕಟಿಸಿದರು. ಆಮೇಲೂ ಅಭ್ಯಾಸ ಮುಂದುವರಿಯಿತು. ಸತ್ತವಳ ಮನೆಯವರನ್ನು, ನರ್ಸುಗಳನ್ನು, ಡಾಕ್ಟರನ್ನು ಬೇರೆ ಬೇರೆ ಕೇಳಿ ಸಾವಿನ ಕಾರಣ ಹುಡುಕಿದರು. 2013ರಲ್ಲಿ ಬಂದ ಅವರ ಲೇಖನಕ್ಕೆ ಕುರೊಸಾವಾನ 'ರಾಶೊಮನ್' ಸಿನಿಮಾದ ಹೆಸರನ್ನೇ ಇಟ್ಟುಕೊಂಡರು. ಆ ಸಿನಿಮಾದಲ್ಲಿ ಒಂದೇ ಕೊಲೆಯನ್ನು ನಾಲ್ಕು ಮಂದಿ ನಾಲ್ಕು ಬಗೆಯಾಗಿ ಹೇಳುತ್ತಾರೆ. ಇಲ್ಲಿಯೂ ಅದೇ. ಮನೆಯವರದೊಂದು ಕಥೆ, ನರ್ಸಿನದೊಂದು, ಡಾಕ್ಟರದೊಂದು, ಕಾಗದದ್ದೊಂದು.

ಅವರು ಕಂಡ ಕಾರಣಗಳಲ್ಲಿ ರಕ್ತಹೀನತೆಯನ್ನು ಲೆಕ್ಕಕ್ಕೆ ತಗೊಳ್ಳದಿರುವುದು, ಹೆರಿಗೆ ಬೇಗ ಆಗಲೆಂದು ಸಿಕ್ಕಾಪಟ್ಟೆ ಇಂಜೆಕ್ಷನ್ ಹಾಕುವುದು, ಹೆರಿಗೆ ಆದ ಮೇಲೆ ಬಾಣಂತಿಯನ್ನು ತಿರುಗಿ ನೋಡದಿರುವುದು ಇದ್ದವು. ಇವುಗಳ ಜೊತೆಗೆ ಇನ್ನೊಂದಿತ್ತು: ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಸಾಗಹಾಕುವಾಗ ಯಾರ ಹೊಣೆ ಎಲ್ಲಿ ಮುಗಿಯಿತು, ಯಾರದು ಎಲ್ಲಿ ಶುರುವಾಯಿತು ಎಂಬುದೇ ಇಲ್ಲದಿರುವುದು. ಏನಾದರೂ ಆದರೆ ತಪ್ಪು ಮೇಲಿನಿಂದ ಜಾರಿ ಜಾರಿ ಕೆಳಗಿನವರ ತಲೆಗೆ ಬರುವುದು. ಹೀಗಿರುವಲ್ಲಿ ನರ್ಸ್ ಏನು ಕಲಿಯುತ್ತಾಳೆ? ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯುತ್ತಾಳೆ. ಬರೆಯಬೇಕಾದ್ದನ್ನು ತನಗೆ ತೊಂದರೆಯಾಗದಂತೆ ಬರೆಯುವುದನ್ನು ಕಲಿಯುತ್ತಾಳೆ.

ಆ ಕಾಲಕ್ಕೂ ಈಗಿಗೂ ಅಂತರ ಉಂಟು, ಸುಳ್ಳು ಹೇಳಬಾರದು. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. 2005-06ರ ಸಮೀಕ್ಷೆಯಲ್ಲಿ ನೂರಕ್ಕೆ 65ರಷ್ಟಿದ್ದ ಆಸ್ಪತ್ರೆ ಹೆರಿಗೆ 2019-21ರ ಹೊತ್ತಿಗೆ 97 ಆಯಿತು. 2008ರಲ್ಲಿ 108 ಗಾಡಿ ಬಂತು. 2015ರಲ್ಲಿ ಕೊಪ್ಪಳಕ್ಕೆ ವೈದ್ಯಕೀಯ ಕಾಲೇಜೇ ಬಂತು. ಅಂದರೆ ಬಾಣಂತಿಯನ್ನು ಆಸ್ಪತ್ರೆಯ ಬಾಗಿಲಿಗೆ ತರುವ ಕೆಲಸ ಬಹುಮಟ್ಟಿಗೆ ಆಯಿತು. ಇನ್ನು ಉಳಿದದ್ದು ಬಾಗಿಲ ಒಳಗಿನ ಕೆಲಸ. ಅದು ಕೈಯಿಂದ ಕೈಗೆ ದಾಟಿಸುವ ಕೆಲಸ.

ರೆಫರ್ ಮಾಡುವ ವಿಷಯವನ್ನೇ ನೋಡಿ. ಬಿಪಿ ಏರಿದ ಗರ್ಭಿಣಿಗೆ ಫಿಟ್ಸ್ ಬಾರದಿರಲೆಂದು ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಮೊದಲ ಡೋಸು ಕೆಳಗಿನ ಆಸ್ಪತ್ರೆಯಲ್ಲೇ ಕೊಟ್ಟು ಮೇಲಕ್ಕೆ ಕಳಿಸಬೇಕು. ಕೊಟ್ಟದ್ದು, ಎಷ್ಟು ಗಂಟೆಗೆ ಎಷ್ಟು ಕೊಟ್ಟದ್ದು ಎನ್ನುವುದು ಚೀಟಿಯಲ್ಲಿ ಇರದಿದ್ದರೆ ಮೇಲಿನ ಆಸ್ಪತ್ರೆಯ ನರ್ಸ್ ಏನು ಮಾಡಬೇಕು? ಮತ್ತೆ ಕೊಟ್ಟರೆ ಹೆಚ್ಚಾಗಿ ಉಸಿರಾಟಕ್ಕೇ ಕುತ್ತು. ಕೊಡದೆ ಬಿಟ್ಟರೆ, ಕೆಳಗೆ ಕೊಟ್ಟೇ ಇರದಿದ್ದರೆ, ಫಿಟ್ಸ್. ಕುಷ್ಟಗಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಗಂಟೆ ಮೀರುವ ದಾರಿ. ಅಷ್ಟು ಹೊತ್ತಿನಲ್ಲಿ ಕಳಿಸಿದ ನರ್ಸು ಬರಮಾಡಿಕೊಳ್ಳುವ ನರ್ಸಿಗೆ ಒಂದು ಫೋನು ಮಾಡಿದರೆ, "ಇಂಥಾಕಿ ಬರಾಕತ್ತಾಳ್ರಿ, ಬಿಪಿ ಇಷ್ಟು, ಇಷ್ಟು ಗಂಟೆಗೆ ಇಷ್ಟು ಕೊಟ್ಟೀವಿ, ರಕ್ತದ ಗುಂಪು ಇದು" ಎಂದರೆ, ಗಾಡಿ ಬರುವಷ್ಟರಲ್ಲಿ ಮಂಚ ಸಿದ್ಧವಿರುತ್ತದೆ. ಈ ಫೋನಿಗೆ ವಿಧಾನಸೌಧದ ಮಂಜೂರಾತಿ ಬೇಕಾಗಿಲ್ಲ.

ನರ್ಸಿಗೆ ನರ್ಸೇ ಗುರು

ಹಾಗಾದರೆ ಕೂಡಿ ಕೆಲಸ ಮಾಡುವುದನ್ನು ಕಲಿಸಲು ಬರುತ್ತದೆಯೇ? ಬರುತ್ತದೆ. ಈ ಸೀಮೆಯಲ್ಲೇ ಕಲಿಸಿ ನೋಡಿದ್ದಾರೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆ ಈ ಎಂಟು ಜಿಲ್ಲೆಗಳಲ್ಲಿ 'ಸುಕ್ಷೇಮ' ಎಂಬ ಯೋಜನೆ ನಡೆಯಿತು. ಅದರೊಳಗಿನ ಒಂದು ಪ್ರಯೋಗ 2012ರಲ್ಲಿ ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ಶುರುವಾಯಿತು. 54 ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತರಬೇತಾದ ನರ್ಸ್ ಒಬ್ಬರು ಆಗಾಗ ಹೋಗಿ ಅಲ್ಲಿನ ನರ್ಸುಗಳ ಜೊತೆ ನಿಂತು ಕೆಲಸ ಕಲಿಸುವುದು. ಇನ್ನು 54 ಕೇಂದ್ರಗಳನ್ನು ಹಾಗೇ ಬಿಟ್ಟು ಹೋಲಿಸಿ ನೋಡುವುದು.

ಈ ಗುರು-ನರ್ಸುಗಳು ಬಂದು ಭಾಷಣ ಮಾಡಲಿಲ್ಲ, ಮೆಮೋ ಕೊಡಲಿಲ್ಲ. ಡಾಕ್ಟರು, ನರ್ಸು, ಲ್ಯಾಬಿನವರು ಎಲ್ಲರನ್ನೂ ಒಟ್ಟಿಗೆ ಕೂಡಿಸಿ, "ಇಲ್ಲಿ ಏನು ಕೊರತೆ ಐತಿ, ನೀವೇ ಹೇಳ್ರಿ" ಎಂದು ಅವರಿಂದಲೇ ಪಟ್ಟಿ ಮಾಡಿಸಿದರು. ಹೆರಿಗೆಯ ಪ್ರತಿಯೊಂದು ಹಂತಕ್ಕೂ ನೆನಪಿಸುವ ಕೇಸ್‌ಶೀಟ್ ತಂದರು. ಬರೆಯುತ್ತ ಹೋದರೆ ಅದೇ ದಾಖಲೆ, ಓದುತ್ತ ಹೋದರೆ ಅದೇ ಪಾಠ. ಗುರು-ನರ್ಸುಗಳು ಹೋದ ಕಡೆ ಔಷಧ-ಸಾಮಾನಿನ ಸಿದ್ಧತೆ, ತೊಡಕು ಬಂದಾಗ ಏನು ಮಾಡಬೇಕೆಂಬ ತಿಳಿವಳಿಕೆ ಎರಡೂ ಮೇಲಾಗಿದ್ದವು. ಮೇಲಧಿಕಾರಿ ತಪಾಸಣೆಗೆ ಬಂದರೆ ನೆಲ ಒರೆಸಿ ರಜಿಸ್ಟರ್ ತುಂಬಿಸುವುದು ರೂಢಿ. ತಮ್ಮ ಕೆಲಸವನ್ನೇ ಮಾಡಿ ಬಂದ ಹಿರಿಯಕ್ಕ ಬಂದು ಪಕ್ಕದಲ್ಲಿ ನಿಂತರೆ, "ಇದು ನನಗ ಬರೂದಿಲ್ರಿ" ಎಂದು ಹೇಳುವ ಧೈರ್ಯ ಬರುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಆರೋಗ್ಯ ಇಲಾಖೆಗೆ ಇನ್ನೂ ಪೂರ್ತಿ ಹೊಳೆದಂತಿಲ್ಲ.

ಇದಕ್ಕೂ ಮುಂಚೆ, 2010ರಲ್ಲಿ, ಕರ್ನಾಟಕದ್ದೇ ಒಂದು ತಾಲ್ಲೂಕು ಮಟ್ಟದ ಹೆರಿಗೆ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆರಿಗೆ ಪಟ್ಟಿಯನ್ನು ಪರೀಕ್ಷೆ ಮಾಡಿದರು. ಒಂದು ಹೆರಿಗೆಯಲ್ಲಿ ಆಗಲೇಬೇಕಾದ 29 ಕೆಲಸಗಳನ್ನು ಗುರುತಿಸಿ ನೋಡಿದರೆ, ಪಟ್ಟಿ ಬರುವ ಮುಂಚೆ ಸರಾಸರಿ ಆಗುತ್ತಿದ್ದದ್ದು 10. ಪಟ್ಟಿ ಬಂದ ಮೇಲೆ 25. ಅವೇ ನರ್ಸುಗಳು, ಅದೇ ಆಸ್ಪತ್ರೆ. ಕೈ ತೊಳೆಯುವುದು, ಬಿಪಿ ನೋಡುವುದು ಇಂಥ ಕೆಲಸಗಳು ಯಾರಿಗೂ ಗೊತ್ತಿಲ್ಲದವೇನಲ್ಲ. ಆಕೆ ಮಾಡಿರಬಹುದೆಂದು ಈಕೆ, ಈಕೆ ಮಾಡಿರಬಹುದೆಂದು ಆಕೆ ಬಿಟ್ಟರೆ ಅದು ಆಗದೇ ಉಳಿಯುತ್ತದೆ. ಕೂಡಿ ಕೆಲಸ ಮಾಡುವುದೆಂದರೆ ನಗುನಗುತ್ತ ಇರುವುದು ಎಂದು ತಿಳಿದವರಿದ್ದಾರೆ. ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರು ನರ್ಸುಗಳೂ ಪಟ್ಟಿ ಹಿಡಿದು ನಿಂತರೆ ಬಾಣಂತಿ ಬದುಕುತ್ತಾಳೆ.

ಹೆರಿಗೆಯಾದ ಮೇಲಿನ ರಕ್ತಸ್ರಾವದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಚಿಕಿತ್ಸೆ ಸಿಗದಿದ್ದರೆ ಎರಡು ತಾಸಿನೊಳಗೆ ಜೀವ ಹೋಗಬಹುದಾದ ಗಂಡಾಂತರ ಅದು. ಆಫ್ರಿಕಾದ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾ ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಹೆರಿಗೆಗಳ ಮೇಲೆ ಒಂದು ಪ್ರಯೋಗ ಮಾಡಿದರು, ಫಲ 2023ರಲ್ಲಿ ಪ್ರಕಟವಾಯಿತು. ಬಾಣಂತಿಯ ಕೆಳಗೆ ಗೆರೆ ಹಾಕಿದ ಪ್ಲಾಸ್ಟಿಕ್ ಚೀಲ ಇಟ್ಟು ರಕ್ತ ಅಳೆಯುವುದು. ಗೆರೆ ದಾಟಿತೋ, ಗರ್ಭಕೋಶ ತಿಕ್ಕುವುದು, ಇಂಜೆಕ್ಷನ್, ಸಲಾಯಿನ್, ಪರೀಕ್ಷೆ ಎಲ್ಲವನ್ನೂ ಒಮ್ಮೆಲೇ ಮಾಡುವುದು. ಒಂದು ಮಾಡಿ, ಕಾದು, ಆಗದಿದ್ದರೆ ಇನ್ನೊಂದು ಮಾಡುವ ಹಳೆಯ ಪದ್ಧತಿ ಬಿಟ್ಟರು. ಗಂಡಾಂತರದ ಪ್ರಕರಣಗಳು ನೂರಕ್ಕೆ 60ರಷ್ಟು ಕಡಿಮೆಯಾದವು. ಹೊಸ ಔಷಧ ಯಾವುದೂ ಇರಲಿಲ್ಲ. ಆದರೆ ಒಮ್ಮೆಲೇ ಎಲ್ಲ ಮಾಡಲು ಕೈಗಳು ಬೇಕು. ರಾತ್ರಿ ಎರಡು ಗಂಟೆಗೆ ಹೆರಿಗೆ ಕೋಣೆಯಲ್ಲಿ ಒಬ್ಬಾಕೆ ನರ್ಸು, ಒಬ್ಬಾಕೆ ಆಯಾ ಇದ್ದರೆ ಯಾರು ತಿಕ್ಕಬೇಕು, ಯಾರು ಫೋನ್ ಮಾಡಬೇಕು, ಯಾರು ರಕ್ತಕ್ಕೆ ಓಡಬೇಕು?

168 ತಾಸಿನ ಲೆಕ್ಕ

ಕೈಗಳ ಲೆಕ್ಕ ವ್ಯಾಪಾರಸ್ಥರಿಗೆ ಬೇಗ ತಿಳಿಯುತ್ತದೆ. ಹಗಲು-ರಾತ್ರಿ ತೆರೆದಿರುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೂವರು ನರ್ಸುಗಳು ಎಂಬುದು ಯೋಜನೆ. ವಾರಕ್ಕೆ 168 ತಾಸು. ಒಬ್ಬರ ದುಡಿಮೆ ವಾರಕ್ಕೆ 48 ತಾಸು ಎಂದರೆ ಮೂವರದು 144. ಇಪ್ಪತ್ನಾಲ್ಕು ತಾಸು, ಅಂದರೆ ಒಂದು ಪೂರ್ತಿ ಹಗಲು-ರಾತ್ರಿ, ಮೊದಲೇ ಖೋತಾ. ಇದು ಮೂವರೂ ಗಟ್ಟಿಮುಟ್ಟಾಗಿದ್ದು, ಯಾರೂ ರಜೆ ಹಾಕದೆ, ಯಾರನ್ನೂ ತರಬೇತಿಗೆ, ಶಿಬಿರಕ್ಕೆ, ಮಂತ್ರಿಗಳ ಕಾರ್ಯಕ್ರಮಕ್ಕೆ ಕಳಿಸದೆ ಇದ್ದಾಗಿನ ಲೆಕ್ಕ. ಒಬ್ಬಾಕೆ ಹೆರಿಗೆ ರಜೆ ಮೇಲೆ ಹೋದಳೋ, ಹೆರಿಗೆ ಮಾಡಿಸುವವರಿಗೇ ಹೆರಿಗೆ ರಜೆ ಕೊಡಲು ಅಧಿಕಾರಿ ಮುಖ ಸಿಂಡರಿಸುತ್ತಾನೆ.

ಭಾರತೀಯ ನರ್ಸಿಂಗ್ ಕೌನ್ಸಿಲಿನ ಪುಸ್ತಕದಲ್ಲಿ ಸಾಮಾನ್ಯ ವಾರ್ಡಿಗೆ ಐದು ರೋಗಿಗೊಬ್ಬ ನರ್ಸು, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂವರಿಗೊಬ್ಬರು, ಇದರ ಮೇಲೆ ರಜೆಗೆಂದು ನೂರಕ್ಕೆ 30ರಷ್ಟು ಹೆಚ್ಚುವರಿ ಎಂದಿದೆ. ರೋಗಿಯ ಮನೆಯವರು ಈ ಲೆಕ್ಕವನ್ನು ತಾವೇ ಮಾಡಬಹುದು. ವಾರ್ಡಿಗೆ ಹೋದಾಗ ಮಂಚ ಎಣಿಸಿ, ಮಂಚದ ನಡುವೆ ನೆಲದ ಮೇಲೆ ಮಲಗಿದವರನ್ನೂ ಎಣಿಸಿ, ಆಮೇಲೆ ನರ್ಸುಗಳನ್ನು ಎಣಿಸಿದರಾಯಿತು. "ಸಿಸ್ಟರ್ ಬಾಳ ಸಿಟ್ಟಿನಾಕಿ" ಎಂಬ ಮಾತಿನ ಅರ್ಧ ವಿವರಣೆ ಅಲ್ಲೇ ಸಿಗುತ್ತದೆ.

ಸಂಬಳದ ವಿಷಯ ಇನ್ನೊಂದು. ಒಂದೇ ವಾರ್ಡಿನಲ್ಲಿ, ಒಂದೇ ಪಾಳಿಯಲ್ಲಿ, ಅದೇ ಬಿಳಿ ಅಂಗಿಯಲ್ಲಿ ಇಬ್ಬರು. ಒಬ್ಬಾಕೆ ಖಾಯಂ, ಇನ್ನೊಬ್ಬಾಕೆ ಆರೋಗ್ಯ ಅಭಿಯಾನದ ಗುತ್ತಿಗೆ. ಕೆಲಸ ಸಮ, ಪಗಾರ ಸಮ ಅಲ್ಲ. ಗುತ್ತಿಗೆಯವರು ಖಾಯಂ ಮಾಡಿರೆಂದು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದಿನಗಟ್ಟಲೆ ಕೂತರು. ಹೀಗಿದ್ದರೂ ಇಬ್ಬರೂ ಒಂದೇ ತಂಡದಂತೆ ದುಡಿಯಬೇಕೆಂದು ಬಯಸುವುದು ಸುಲಭ. ಖಾಯಂ ಆದಾಕೆ ಹೇಳಿದ್ದು ತಪ್ಪೆಂದು ಕಂಡರೂ ಗುತ್ತಿಗೆಯಾಕೆ ತಡೆದು ಹೇಳುತ್ತಾಳೆಯೇ, ಹೇಳಿದರೆ ವರ್ಷದ ಕೊನೆಗೆ ಗುತ್ತಿಗೆ ನವೀಕರಣ ಆಗುತ್ತದೆಯೇ ಎಂಬುದು ಆಕೆಗೇ ಗೊತ್ತು. 371ಜೆ ಬಂದು ದಶಕ ದಾಟಿತು. ಈ ಭಾಗದ ಮಕ್ಕಳಿಗೆ ನರ್ಸಿಂಗ್ ಓದುವ, ನೌಕರಿ ಹಿಡಿಯುವ ದಾರಿ ತೆರೆದದ್ದು ನಿಜ. ಖಾಲಿ ಹುದ್ದೆಯನ್ನು ಖಾಯಂ ಆಗಿ ತುಂಬದೆ ಗುತ್ತಿಗೆಯಲ್ಲಿ ತೇಪೆ ಹಾಕುತ್ತ ಹೋದರೆ ಆ ದಾರಿ ಅರ್ಧಕ್ಕೇ ನಿಲ್ಲುತ್ತದೆ.

ಈಚೆಗೆ ಸ್ಟಾಫ್ ನರ್ಸ್ ಎಂಬ ಹೆಸರು ಹೋಗಿ ಶುಶ್ರೂಷಾಧಿಕಾರಿ ಎಂದಾಗಿದೆ. ಹೆಸರು ಉದ್ದವಾಯಿತು. ಮೇ 12 ಬಂದರೆ ನೈಟಿಂಗೇಲ್ ಫೋಟೋಕ್ಕೆ ಹಾರ, ಕೈಯಲ್ಲಿ ಮೇಣದ ಬತ್ತಿ, ಭಾಷಣ.

ಬಾಟಲಿಯ ನಂಬರು

ಪಕ್ಕದ ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಆದದ್ದನ್ನು ಯಾರೂ ಮರೆತಿಲ್ಲ. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಐವರು ಹೋದರು. ಸರಕಾರ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಸಲಾಯಿನ್ ಬಾಟಲಿಯ ಮೇಲೆ ಬೊಟ್ಟು ಮಾಡಿತು, ಔಷಧ ನಿಯಂತ್ರಕರ ಅಮಾನತಾಯಿತು, ಕಂಪನಿಯನ್ನು ಕಪ್ಪುಪಟ್ಟಿಗೆ ಹಾಕಿದರು. ಅದು ಔಷಧ ಖರೀದಿಯ ದೊಡ್ಡ ಕಥೆ, ಇಲ್ಲಿ ಬೇಡ.

ಆ ಕಥೆಯಲ್ಲಿ ನರ್ಸುಗಳಿಗೆ ಸಂಬಂಧಪಟ್ಟ ಒಂದು ಎಳೆ ಮಾತ್ರ ಸಾಕು. ಬಾಟಲಿ ಬಿಚ್ಚಿ ತೂಗುಹಾಕುವವಳು ನರ್ಸು. ಅದರ ಮೇಲಿನ ಬ್ಯಾಚ್ ನಂಬರನ್ನು ಕೇಸ್‌ಶೀಟಿನಲ್ಲಿ ಬರೆಯುವವಳೂ ಅವಳೇ. ಹಾಕಿದ ಮೇಲೆ ಒಬ್ಬಾಕೆಗೆ ಮೂತ್ರ ಕಡಿಮೆಯಾಯಿತು ಎಂಬುದನ್ನು ಮಧ್ಯಾಹ್ನದ ಪಾಳಿಯವರು ಕಾಣುತ್ತಾರೆ, ಇನ್ನೊಬ್ಬಾಕೆಗೂ ಹಾಗೇ ಆಯಿತೆಂಬುದನ್ನು ರಾತ್ರಿ ಪಾಳಿಯವರು ಕಾಣುತ್ತಾರೆ. ಈ ಎರಡು ಪಾಳಿಗಳು ಕೂತು ಮಾತಾಡಿದರೆ ಮಾತ್ರ ಎರಡು ಪ್ರಕರಣ ಒಂದೇ ಎಂದು ತಿಳಿಯುತ್ತದೆ. ತಿಳಿದ ಮೇಲೆ, "ಸಾಹೇಬ್ರ, ಈ ಬಾಟ್ಲಿ ನಿಲ್ಲಸೋಣ್ರಿ" ಎಂದು ರಾತ್ರಿ ಹನ್ನೆರಡಕ್ಕೆ ಡಾಕ್ಟರಿಗೆ ಫೋನು ಮಾಡುವ ಅಧಿಕಾರ ಆಕೆಗೆ ಇರಬೇಕು. ಫೋನ್ ಮಾಡಿದ್ದಕ್ಕೆ ಬೆಳಿಗ್ಗೆ ಬೈಸಿಕೊಳ್ಳಬಾರದು. ಅಮೆರಿಕದ ಜಲಾಂತರ್ಗಾಮಿ ಹಡಗುಗಳಿಂದ ಆಸ್ಪತ್ರೆಗೆ ಬಂದ ನಾಲ್ಕು ಮಾತಿನ ಪದ್ಧತಿಯೊಂದಿದೆ: ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತದೆ, ನೀವು ಏನು ಮಾಡಬೇಕು. ಮೊದಲ ಎರಡು ಮಾತು ಇಲ್ಲಿನ ನರ್ಸುಗಳಿಗೆ ಚೆನ್ನಾಗಿ ಬರುತ್ತವೆ. ಕಡೆಯ ಎರಡನ್ನು ಆಡಿದರೆ ಅಧಿಕಪ್ರಸಂಗ ಎನ್ನಿಸಿಕೊಳ್ಳುವ ಹೆದರಿಕೆ.

ಜನರ ಪಾಲೂ ಇದರಲ್ಲಿ ಇಲ್ಲದಿಲ್ಲ. ಬಾಣಂತಿ ನೋಡಲು ಟ್ರಾಕ್ಸಿನಲ್ಲಿ ಹತ್ತು ಮಂದಿ ಬಂದು ಸರಿಯಾಗಿ ಪಾಳಿ ಬದಲಾಗುವ ಹೊತ್ತಿಗೇ ವಾರ್ಡಿನಲ್ಲಿ ನಿಂತು, "ಯಕ್ಕಾ, ನಮ್ಮಾಕಿಗೆ ಯಾವಾಗ ಬಿಡತೀರಿ?" ಎಂದು ಕೇಳುತ್ತಾರೆ. ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ಕೈ ಎತ್ತುವುದೂ ಎದುರಿಗೆ ಸಿಕ್ಕ ನರ್ಸಿನ ಮೇಲೆಯೇ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದ ಕಾಯಿದೆಯೇ ಇದೆ, ನರ್ಸುಗಳೂ ಅದರೊಳಗೆ ಬರುತ್ತಾರೆ.

ಸರಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ. ಅದರ ಸಭೆಯಲ್ಲಿ ಬಣ್ಣ, ಫ್ಯಾನು, ನೀರಿನ ಟಾಕಿ, ಜನರೇಟರಿನ ಡೀಸೆಲ್ ವಿಷಯ ಬರುತ್ತವೆ. ಗಂಗಾವತಿಯಲ್ಲಾಗಲಿ ಕುಷ್ಟಗಿಯಲ್ಲಾಗಲಿ ಮುಂದಿನ ಸಭೆಗೆ ಹೋಗುವ ಸದಸ್ಯರು ಮೂರು ಕಾಗದ ಮೇಜಿನ ಮೇಲೆ ಇಡಿರೆಂದು ಕೇಳಲಿ: ಕಳೆದ ತಿಂಗಳ ರಾತ್ರಿ ಪಾಳಿಯ ನರ್ಸುಗಳ ಪಟ್ಟಿ, ಆ ತಿಂಗಳಲ್ಲಿ ನರ್ಸುಗಳನ್ನು ವಾರ್ಡಿನಿಂದ ಎತ್ತಿ ಬೇರೆ ಕೆಲಸಕ್ಕೆ ಕಳಿಸಿದ ದಿನಗಳ ಪಟ್ಟಿ, ಮೇಲಿನ ಆಸ್ಪತ್ರೆಗೆ ಕಳಿಸಿದ ಬಾಣಂತಿಯರಲ್ಲಿ ಎಷ್ಟು ಮಂದಿಯ ವಿಷಯ ಮುಂಚಿತವಾಗಿ ಫೋನಿನಲ್ಲಿ ತಿಳಿಸಲಾಯಿತು ಎಂಬ ಲೆಕ್ಕ. ಮೂರನೆಯ ಕಾಗದ ಇಲ್ಲವೆಂದರೆ ಅಂದಿನಿಂದಲೇ ಒಂದು ನೋಟುಬುಕ್ ತರಿಸಲಿ. ನಲವತ್ತೋ ಐವತ್ತೋ ರೂಪಾಯಿ ಆಗುತ್ತದೆ.